ಸತ್ಯಾಂಶ: ಸ್ಕೋಪ್ ಹಾಕಿದರೆ ಮಜಲ್‌ಲೋಡರ್ 300 ಗಜ ಹೊಡೆಯುತ್ತದೆಯೇ?

"ಒಳ್ಳೆ ಸ್ಕೋಪ್ ಹಾಕಿ, 300 ಗಜದ ಜಿಂಕೆಯೂ ನಿಮ್ಮದೇ" ಅನ್ನೋ, ಮಜಲ್‌ಲೋಡರ್ (ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಂದಲೇ ತುಂಬುವ ಬಂದೂಕು) ಕುರಿತ ಫಾರ್ವರ್ಡ್ ಅಮೆರಿಕದಲ್ಲಿರುವ ಬೇಟೆ ಹವ್ಯಾಸಿಗಳ ನಡುವೆ ಓಡಾಡುತ್ತಿದೆ. ಇದು ನಿಜವಲ್ಲ.

ಸ್ಕೋಪ್ ಅಂದರೆ ಬಂದೂಕಿನ ಮೇಲೆ ಕೂರಿಸುವ ದುರ್ಬೀನು. ಅದು ಗುರಿಯನ್ನು ದೊಡ್ಡದಾಗಿ ತೋರಿಸುತ್ತದೆ, ಗುಂಡಿನ ದಾರಿಯನ್ನು ಬದಲಿಸುವುದಿಲ್ಲ. 50 ಕ್ಯಾಲಿಬರ್ (ನಳಿಗೆಯ ಒಳವ್ಯಾಸ ಅರ್ಧ ಇಂಚು) ಮಜಲ್‌ಲೋಡರ್ ತೆಗೆದುಕೊಳ್ಳಿ. 100 ಗಜಕ್ಕೆ ಗುರಿ ಹೊಂದಿಸಿದ್ದರೆ, 200 ಗಜಕ್ಕೆ ಗುಂಡು ಸುಮಾರು 10 ಇಂಚು ಅಥವಾ ಅದಕ್ಕೂ ಜಾಸ್ತಿ ಕೆಳಗೆ ಬೀಳುತ್ತದೆ. 300ಕ್ಕೆ ಸುಮಾರು 3 ಅಡಿ! ಬಿಳಿಬಾಲದ ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗವೋ ಸುಮಾರು 8 ಇಂಚು ಅಗಲ. ದೂರದ ಅಂದಾಜು ಸ್ವಲ್ಪ ತಪ್ಪಿದರೂ ಪ್ರಾಣಿ ಗಾಯಗೊಂಡು ಕಾಡಲ್ಲಿ ನರಳುತ್ತದೆ. ನನಗೆ ಬೇಸರ ತರಿಸುವುದು ಇದೇ.

ಹಾಗಾದರೆ ಸ್ಕೋಪ್ ಬೇಡವೇ? ಬೇಕು, ಮುಂಜಾನೆಯ ಮಬ್ಬಿನಲ್ಲಿ ಕೊಂಬೆಗಳ ನಡುವೆ ಜಿಂಕೆಯನ್ನು ಸರಿಯಾಗಿ ಗುರುತಿಸಲು ತುಂಬಾ ಸಹಾಯ. ಕಾಡಿನ ಬೇಟೆಗೆ 2ರಿಂದ 7 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್ ಸಾಕು. ಜೂಮ್‌ಗಿಂತ ಮುಖ್ಯವಾದದ್ದು ಕಣ್ಣಿಗೂ ಗಾಜಿಗೂ ಇರುವ ಅಂತರ. 3.5ರಿಂದ 4 ಇಂಚು ಇರಲಿ, ಇಲ್ಲದಿದ್ದರೆ ಬಂದೂಕು ಹಿಂದಕ್ಕೆ ಒದ್ದಾಗ ಸ್ಕೋಪಿನ ಅಂಚು ಹುಬ್ಬನ್ನೇ ಸೀಳಬಹುದು. ಮದ್ದಿನ ಪ್ರಮಾಣ ಅಥವಾ ಗುಂಡು ಬದಲಿಸಿದರೆ ಗುರಿಯನ್ನು ಮತ್ತೆ ಹೊಂದಿಸಲೇಬೇಕು.

ಕೊಳ್ಳುವ ಮೊದಲು ನಿಮ್ಮ ರಾಜ್ಯದ ನಿಯಮ ನೋಡಿ. ಅಮೆರಿಕದ ಕೊಲೊರಾಡೊದಲ್ಲಿ ಮಜಲ್‌ಲೋಡರ್‌ಗೆಂದೇ ಇರುವ ಬೇಟೆ ಸೀಸನ್‌ನಲ್ಲಿ ಸ್ಕೋಪ್‌ಗೆ ಅವಕಾಶವಿಲ್ಲ. ಭಾರತದಲ್ಲಂತೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಬೇಟೆಯೇ ಅಪರಾಧ, ಕೊಡಗಿನ ಬಂದೂಕು ಪರವಾನಗಿ ವಿನಾಯಿತಿ ಇದ್ದವರಿಗೂ ಅಷ್ಟೇ.