ಕಲಿಸೋಣ, ಆದರೆ ಒಂಟಿಯಾಗಿ ಬಿಡುವುದು ಬೇಡ

ಟೈಪ್ 1 ಮಧುಮೇಹವಿರುವ ಹದಿಹರೆಯದವರಿಗೆ ಇನ್ಸುಲಿನ್ ಲೆಕ್ಕ ಹಾಕುವುದನ್ನು ಬೇಗ ಕಲಿಸಿ, ಜವಾಬ್ದಾರಿಯನ್ನು ಅವರಿಗೇ ವಹಿಸಬೇಕು ಎಂದು ಲೇಖನದಲ್ಲಿ ಬರೆದಿದ್ದೀರಿ. ಕಲಿಸಬೇಕು, ನಿಜ. ಆದರೆ ಅಷ್ಟಕ್ಕೇ ಮನೆಯವರು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ನನ್ನ ಮಗಳಿಗೆ ಈಗ ಹದಿನೈದು. ಊಟದಲ್ಲಿರುವ ಕಾರ್ಬೋಹೈಡ್ರೇಟ್ ಅಂದಾಜು, ಡೋಸ್ ಎಲ್ಲವನ್ನೂ ನನಗಿಂತ ಚೆನ್ನಾಗಿ ಲೆಕ್ಕ ಹಾಕುತ್ತಾಳೆ. ಆದರೂ ಕೆಲವು ದಿನ ಸಕ್ಕರೆ ಏರಿಯೇ ಇರುತ್ತದೆ. ಆ ವಯಸ್ಸಿನ ಹಾರ್ಮೋನುಗಳೇ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಮೊನ್ನೆ ಸಾಕಾದ ಡೋಸ್ ಇವತ್ತು ಸಾಲುವುದಿಲ್ಲ. ಇದನ್ನು ಮಕ್ಕಳಿಗೂ ಮನೆಯವರಿಗೂ ಮೊದಲೇ ಹೇಳಬೇಕು. ಇಲ್ಲದಿದ್ದರೆ ಮೀಟರಿನಲ್ಲಿ ಸಕ್ಕರೆ 280 mg/dL ಅಂತ ಏರಿದ್ದು ಕಂಡ ಕೂಡಲೇ "ಏನು ತಿಂದೆ?" ಅನ್ನುವ ಪ್ರಶ್ನೆ ಬಂದುಬಿಡುತ್ತದೆ. ನಾಲ್ಕು ಸಲ ಹಾಗೆ ಕೇಳಿಸಿಕೊಂಡ ಮಗು ಪರೀಕ್ಷೆ ಮಾಡಿಕೊಳ್ಳುವುದನ್ನೇ ಬಿಡುತ್ತದೆ, ಇಲ್ಲವೇ ಡೈರಿಯಲ್ಲಿ ಸುಳ್ಳೇ 140 ಅಂತ ಬರೆದಿಡುತ್ತದೆ.

ಜ್ವರ, ವಾಂತಿಯ ದಿನಗಳ ಬಗ್ಗೆ ಇನ್ನೂ ಹೆಚ್ಚು ಹೇಳಿಕೊಡಬೇಕಿತ್ತು. ಊಟ ಸೇರದಿದ್ದರೂ ಬೇಸಲ್ ಇನ್ಸುಲಿನ್ (ಊಟದ ಡೋಸ್ ಅಲ್ಲದೆ, ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್) ನಿಲ್ಲಿಸಬಾರದು, ಕೀಟೋನ್ (ಇನ್ಸುಲಿನ್ ಸಾಲದಾಗ ದೇಹದಲ್ಲಿ ಸೇರಿಕೊಳ್ಳುವ ಆಮ್ಲ) ಪರೀಕ್ಷಿಸಿ ನೋಡಿಕೊಳ್ಳಬೇಕು, ವಾಂತಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಸಂಜೆ ಜೋರಾಗಿ ಆಡಿದರೆ ರಾತ್ರಿ ನಿದ್ದೆಯಲ್ಲಿ ಸಕ್ಕರೆ ಇಳಿಯಬಹುದು ಅನ್ನುವುದೂ ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಇದು ಗೆಳತಿಯರಿಗೂ ತಿಳಿದಿರಲಿ.

ವೈದ್ಯರಲ್ಲಿ ಒಂದು ಕೋರಿಕೆ: ಪ್ರತಿ ಭೇಟಿಯಲ್ಲೂ ಸ್ವಲ್ಪ ಹೊತ್ತು ನಮ್ಮನ್ನು ಹೊರಗೆ ಕೂರಿಸಿ, ಮಕ್ಕಳ ಹತ್ತಿರ ನೇರವಾಗಿ ಮಾತಾಡಿ. ನಮ್ಮೆದುರು ಬಾಯಿಬಿಡದ ಎಷ್ಟೋ ವಿಷಯ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಾರೆ.