ಕಾರಿನ ಎಸಿ ಗ್ಯಾಸ್ ಕುರಿತು ಒಂದು ಸ್ಪಷ್ಟನೆ

‘ಕಾರಿನ ಎಸಿ ತಣ್ಣಗೆ ಬೀಸದಿದ್ದರೆ ಗ್ಯಾಸ್ ಮುಗಿದಿದೆ ಎಂದರ್ಥ, ಪ್ರತಿ ಬೇಸಿಗೆಗೂ ತುಂಬಿಸಲೇಬೇಕು’ ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ದ್ರವವಾಗಿ, ಮತ್ತೆ ಆವಿಯಾಗಿ ಸುತ್ತುತ್ತಿರುತ್ತದೆ. ರಬ್ಬರ್ ಹೋಸ್ ಮತ್ತು ಸೀಲುಗಳ ಮೂಲಕ ಹಲವು ವರ್ಷಗಳಲ್ಲಿ ಅಲ್ಪ ಪ್ರಮಾಣ ನಷ್ಟವಾಗುವುದು ನಿಜ. ಆದರೆ ಒಂದೇ ವರ್ಷದಲ್ಲಿ ತಂಪು ನಿಲ್ಲುವಷ್ಟು ಗ್ಯಾಸ್ ಕಡಿಮೆಯಾದರೆ ಎಲ್ಲೋ ಸೋರಿಕೆಯಿದೆ ಎಂದೇ ತಿಳಿಯಬೇಕು, ಅದನ್ನು ಸರಿಪಡಿಸದೆ ತುಂಬಿಸಿದ ಗ್ಯಾಸ್ ಮತ್ತೆ ಸೋರಿಹೋಗುತ್ತದೆ.

ಗ್ಯಾಸ್ ಸರಿಯಿದ್ದೂ ತಂಪು ಬಾರದಿರಬಹುದು. ಗಾಡಿ ಓಡುವಾಗ ತಂಪಾಗಿದ್ದು ಸಿಗ್ನಲ್‌ನಲ್ಲಿ ನಿಂತಾಗ ಬಿಸಿಗಾಳಿ ಬಂದರೆ ಮೊದಲು ಬಿಸಿಯಾದ ಗ್ಯಾಸನ್ನು ತಣಿಸುವ ಕಂಡೆನ್ಸರ್‌ನ ಫ್ಯಾನ್ ತಿರುಗುತ್ತಿದೆಯೇ ನೋಡಿ. ಗಾಳಿಯ ರಭಸವೇ ಕುಗ್ಗಿದ್ದರೆ ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್‌ನಲ್ಲಿ ಧೂಳು ಕಟ್ಟಿರುವ ಸಾಧ್ಯತೆ ಹೆಚ್ಚು. ಫ್ಯೂಸ್, ರಿಲೇ (ವಿದ್ಯುತ್ ಸ್ವಿಚ್), ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ನ ಕ್ಲಚ್‌ಗಳನ್ನೂ ಪರೀಕ್ಷಿಸಬೇಕು.

ಅಗತ್ಯಕ್ಕಿಂತ ಹೆಚ್ಚು ಗ್ಯಾಸ್ ತುಂಬಿದರೆ ಒತ್ತಡ ಏರಿ, ತಂಪು ಇನ್ನಷ್ಟು ಕುಗ್ಗಿ, ಕಂಪ್ರೆಸರ್ ಹಾಳಾಗಬಹುದು. ಎಷ್ಟು ಗ್ರಾಂ ಬೇಕೆಂಬುದು ಸಾಮಾನ್ಯವಾಗಿ ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿಯೇ ಇರುತ್ತದೆ. ಇದಲ್ಲದೆ, ಅನೇಕ ಕಾರುಗಳಲ್ಲಿರುವ ಆರ್-134ಎ ಗ್ಯಾಸ್ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿಮಾಡುವಂಥದ್ದು. ಸೋರಿಕೆಯನ್ನು ಹಾಗೆಯೇ ಬಿಡುವುದು ತರವಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.