ಚಾಯದಂಗಡಿಯ ಮಹಾಜನ ಆಯೋಗ

ಮಾರ್ಚ್ ತಿಂಗಳ ಒಂದು ಸೋಮವಾರ ಸಂಜೆ ಐದೂವರೆಗೆ ಡಾ. ರಾಜ್‌ಕುಮಾರ್ ಮೂರನೇ ಸಲ ತಮಿಳುನಾಡಿಗೆ ಸೇರಿದರು. ಆರು ಗಂಟೆಗೆ ಮತ್ತೆ ಕರ್ನಾಟಕಕ್ಕೆ ಬಂದರು. ನಡುವಿನ ಅರ್ಧ ಗಂಟೆ ಅವರು ಕಾಸರಗೋಡಿನವರೇ ಆಗಿದ್ದರು. ಅಷ್ಟರಲ್ಲಿ ನಾವು ಎಂಟು ಚಾಯ, ಎರಡು ತಟ್ಟೆ ಗೋಳಿಬಜೆ ಮುಗಿಸಿದ್ದೆವು.

ಇದೆಲ್ಲ ನಡೆಯುವುದು ಕಾಸರಗೋಡು ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಚಾಯದಂಗಡಿಯಲ್ಲಿ. ಹಳೇ ಸಿನಿಮಾದ ಹುಚ್ಚಿನವರು ನಾವು ಐದು ಮಂದಿ. ರಿಟೈರ್ಡ್ ಮಾಷ್ಟ್ರು ಒಬ್ಬರು. ರೆವೆನ್ಯೂ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು ಒಬ್ಬರು. ಮಂಗಳೂರು ಬಸ್ಸಿನ ಮಾಜಿ ಕಂಡಕ್ಟರ್. ಅಡಿಕೆ ವ್ಯಾಪಾರದ ಭಟ್ರು. ಮತ್ತೆ ನಾನು. ಅಂಗಡಿಯ ಕಾಕ ಲೆಕ್ಕಕ್ಕಿಲ್ಲ. ಅವರು ನಾಲ್ಕು ಭಾಷೆಯಲ್ಲಿ ಬಾಕಿ ಕೇಳುತ್ತಾರೆ, ಅಷ್ಟೆ.

ಹಳೇ ಸಿನಿಮಾದ ಮಾತು ಅಂದರೆ ಬೇರೆ ಕಡೆ ಹಾಡು, ಕತೆ, ಅಭಿನಯ ಅಂತೆಲ್ಲ ಇರುತ್ತದಂತೆ. ನಮ್ಮಲ್ಲಿ ಅದಕ್ಕೆಲ್ಲ ಪುರುಸೊತ್ತಿಲ್ಲ. ನಮ್ಮಲ್ಲಿ ಇರುವುದು ಒಂದೇ ಪ್ರಶ್ನೆ. "ಅವ ಯಾವ ಊರಿನವ?"

ನಮ್ಮನ್ನು ಬೈಯಬೇಡಿ. ನಮ್ಮ ಅಪ್ಪಂದಿರು ರಾತ್ರಿ ಮಲಗಿದ್ದು ಮದ್ರಾಸು ರಾಜ್ಯದಲ್ಲಿ, ಬೆಳಿಗ್ಗೆ ಎದ್ದದ್ದು ಕೇರಳದಲ್ಲಿ. 1956ರ ನವೆಂಬರ್ 1. ಚಾಪೆ ಅದೇ, ದಿಂಬು ಅದೇ, ರಾಜ್ಯ ಬೇರೆ. ಆಮೇಲೆ ಗಡಿ ತಕರಾರು ಬಗೆಹರಿಸಲು ಮಹಾಜನ ಆಯೋಗ ಬಂತು. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರಿಗೆ ಸೇರಲಿ ಅಂತ 1967ರಲ್ಲಿ ವರದಿ ಕೊಟ್ಟಿತು. ವರದಿ ಕಪಾಟಿಗೆ ಹೋಯಿತು. ನಾವು ಇದ್ದಲ್ಲೇ ಉಳಿದೆವು. ಹೀಗಾಗಿ ಯಾರನ್ನು ಕಂಡರೂ ಮೊದಲು ಊರು ಕೇಳುವ ಕಾಯಿಲೆ ನಮಗೆ ರಕ್ತದಲ್ಲೇ ಬಂದಿದೆ. ನಮ್ಮನ್ನು ಹಂಚಿದವರ ಮೇಲಿನ ಸಿಟ್ಟನ್ನು ನಾವು ಸಿನಿಮಾದವರನ್ನು ಹಂಚಿ ತೀರಿಸಿಕೊಳ್ಳುತ್ತೇವೆ. ನಮ್ಮ ಆಯೋಗಕ್ಕೆ ಅವಧಿ ಇಲ್ಲ. ಭತ್ಯೆಯೂ ಇಲ್ಲ. ಚಾಯದ ದುಡ್ಡು ಅವರವರೇ ಕೊಡಬೇಕು, ಅದೊಂದೇ ಕಷ್ಟ.

ಸೋಮವಾರದ ಕಲಾಪಕ್ಕೆ ಬರುತ್ತೇನೆ. ರಾಜ್‌ಕುಮಾರ್ ಹುಟ್ಟಿದ್ದು ಗಾಜನೂರು. ಗಾಜನೂರು ಇರುವುದು ತಾಳವಾಡಿಯಲ್ಲಿ. ತಾಳವಾಡಿ ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ. 2000ದ ಜುಲೈನಲ್ಲಿ ವೀರಪ್ಪನ್ ಅವರನ್ನು ಅಪಹರಿಸಿದ್ದೂ ಅಲ್ಲಿಂದಲೇ. ಅಷ್ಟು ಹೇಳಿ ಕಂಡಕ್ಟರ್ ಸೀಟಿ ಊದಿದ ಹಾಗೆ ಕೈ ಎತ್ತಿದರು. "ಸ್ಟಾಪ್ ತಮಿಳುನಾಡು. ಇಳೀರಿ."

ಆಗ ಎದ್ದರು ನೋಡಿ ನಮ್ಮ ಗುಮಾಸ್ತರು. ಚಾಯದ ಗ್ಲಾಸನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಬಿದ್ದ ಚಾಯದಲ್ಲೇ ಬೆರಳಿನಿಂದ ನಕಾಶೆ ಬರೆದರು. "ಅವರು ಹುಟ್ಟಿದ 1929ರಲ್ಲಿ ಈರೋಡು ಜಿಲ್ಲೆ ಎಲ್ಲಿತ್ತು? ಅದು ಆದದ್ದೇ 1979ರಲ್ಲಿ. ಆಗ ಗಾಜನೂರು ಕೊಯಮತ್ತೂರು ಜಿಲ್ಲೆ. ಮದ್ರಾಸು ಪ್ರಾಂತ್ಯ. ನಮ್ಮ ಕಾಸರಗೋಡು? ದಕ್ಷಿಣ ಕನ್ನಡ ಜಿಲ್ಲೆ. ಅದೂ ಮದ್ರಾಸು ಪ್ರಾಂತ್ಯ. ಬೆಂಗಳೂರು, ಮೈಸೂರಿನವರು ಎಲ್ಲಿದ್ದರು? ಮಹಾರಾಜರ ಸಂಸ್ಥಾನದಲ್ಲಿ. ಹಾಗಾದರೆ ಹುಟ್ಟಿದ ದಿನ ರಾಜ್‌ಕುಮಾರ್ ಬೆಂಗಳೂರಿನವರಿಗೆ ಪರದೇಶಿ. ನಮಗೆ ಒಂದೇ ಮನೆಯವರು!"

ಅಂಗಡಿಯಲ್ಲಿ ಸೂಜಿ ಬಿದ್ದರೆ ಕೇಳುವಷ್ಟು ಮೌನ. ಭಟ್ರ ಕಣ್ಣಲ್ಲಿ ನೀರು. ಗೋಳಿಬಜೆಯ ಹಸಿಮೆಣಸಿನದ್ದೋ ಏನೋ, ಗೊತ್ತಿಲ್ಲ.

ಕೇಳಿ ನಮಗೆ ಎಷ್ಟು ಖುಷಿಯಾಯಿತೆಂದರೆ, ಅದೇ ತರ್ಕದಲ್ಲಿ ಇಡೀ ಹಳೇ ಚಿತ್ರರಂಗವನ್ನು ಒಂದೇ ಸಂಜೆಗೆ ಎಳೆದುಕೊಂಡೆವು. ಲೀಲಾವತಿ? ಬೆಳ್ತಂಗಡಿಯವರು, ಅಂದರೆ ನಮ್ಮದೇ ಹಳೇ ಜಿಲ್ಲೆ. ಕಲ್ಪನಾ? ದಕ್ಷಿಣ ಕನ್ನಡದವರು, ಮತ್ತೆ ಮಾತೇ ಇಲ್ಲ. ಪಂಡರಿಬಾಯಿ ಭಟ್ಕಳ. ಅದು ಉತ್ತರ ಕನ್ನಡ, ಸ್ವಲ್ಪ ದೂರ. ಆದರೂ ಸಮುದ್ರ ಒಂದೇ ಅಲ್ವಾ ಅಂದರು ಮಾಷ್ಟ್ರು. ಸಮುದ್ರ ನೋಡಿದರೆ ಗುಜರಾತಿನವರೂ ನಮ್ಮವರೇ, ಆದರೆ ಅದನ್ನು ಯಾರೂ ಹೇಳಲಿಲ್ಲ.

ಸಿಕ್ಕಿ ಹಾಕಿಕೊಂಡದ್ದು ಬಿ. ಸರೋಜಾದೇವಿಯಲ್ಲಿ. ಅವರು ಹುಟ್ಟಿದ್ದು ಬೆಂಗಳೂರು. ಎಂ.ಜಿ.ಆರ್. ಜೊತೆ ಕುಣಿದು ತಮಿಳರ ಮನೆಮಗಳಾದರು. ನಾವು ಅವರನ್ನು ಅಭಿನಯ ಸರಸ್ವತಿ ಅಂದೆವು. ತಮಿಳರು 'ಕನ್ನಡತ್ತು ಪೈಂಗಿಳಿ' ಅಂದರು, ಕನ್ನಡದ ಗಿಳಿ ಅಂತ. ಗಿಳಿ ಕನ್ನಡದ್ದು ಅಂತ ಅವರೇ ರಸೀದಿ ಬರೆದುಕೊಟ್ಟ ಮೇಲೆ ಜಗಳ ಯಾಕೆ ಅಂತ ಭಟ್ರು. ಗಿಳಿ ಹಾಡಿದ್ದು ಯಾರ ಮರದಲ್ಲಿ, ಅದು ಹೇಳಿ ಅಂತ ಕಂಡಕ್ಟರ್. ಬಿ.ಆರ್. ಪಂತುಲು ಕನ್ನಡದವರು, 1959ರಲ್ಲಿ ತಮಿಳರಿಗೆ ಅವರ ಕಟ್ಟಬೊಮ್ಮನ ಸಿನಿಮಾ ಮಾಡಿಕೊಟ್ಟದ್ದು ಅವರೇ. 1961ರಲ್ಲಿ ನಮಗೆ ಕಿತ್ತೂರು ಚೆನ್ನಮ್ಮನನ್ನು ಕೊಟ್ಟದ್ದೂ ಅವರೇ. ಈ ಖಾತೆ ಇನ್ನೂ ತಾಳೆಯಾಗಿಲ್ಲ.

ಭಟ್ರಿಗೆ ಹೀಗೆ ಬಾಯಲ್ಲಿ ಹಂಚಿದರೆ ಸಮಾಧಾನ ಇಲ್ಲ. ಅವರು ಸಿನಿಮಾದವರನ್ನೂ ಅಡಿಕೆಯ ಹಾಗೆ ಆರಿಸುತ್ತಾರೆ. ಹುಟ್ಟಿದ ಊರು, ಮಾತು, ಸಿನಿಮಾ ಮೂರೂ ಕನ್ನಡದ್ದಾದರೆ ಹಳೇ ಚಾಲಿ. ಎರಡು ಆದರೆ ಹೊಸ ಚಾಲಿ. ಒಂದೇ ಆದರೆ ಪಟೋರ. ಉಳಿದದ್ದೆಲ್ಲ ಕರಿಗೋಟು. ಈ ಲೆಕ್ಕದಲ್ಲಿ ರಾಜ್‌ಕುಮಾರ್‌ಗೆ ಹಾಡುತ್ತಿದ್ದ ಪಿ.ಬಿ. ಶ್ರೀನಿವಾಸ್ ಕರಿಗೋಟಿನ ಗೋಣಿಗೆ ಬಿದ್ದರು. ಯಾಕೆಂದರೆ ಅವರು ಹುಟ್ಟಿದ್ದು ಆಂಧ್ರದ ಕಾಕಿನಾಡ. ಎಸ್. ಜಾನಕಿ, ಪಿ. ಸುಶೀಲಾ ಇಬ್ಬರೂ ಅದೇ ಗೋಣಿಗೆ. ಗೋಣಿ ತುಂಬಿ ಬಾಯಿ ಕಟ್ಟಿ ನೋಡಿದರೆ ಹೊರಗೆ ಹಾಡುವವರೇ ಉಳಿದಿಲ್ಲ!

ಅಂದರೆ ನಾವೆಲ್ಲ ಚಿಕ್ಕಂದಿನಿಂದ ಕೇಳಿ ಅತ್ತ ರಾಜ್‌ಕುಮಾರ್ ಹಾಡುಗಳಲ್ಲಿ ಮುಖ ಗಾಜನೂರಿನದ್ದು, ಕಂಠ ಕಾಕಿನಾಡದ್ದು, ಸ್ಟುಡಿಯೋ ಮದ್ರಾಸಿನದ್ದು. ಕಣ್ಣೀರು ಮಾತ್ರ ನಮ್ಮದು. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂದು ರಾಜ್‌ಕುಮಾರ್ ತಾವೇ ಹಾಡಿದ ಮೇಲೆ ಭಟ್ರಿಗೆ ಜೀವ ಬಂತಂತೆ. ಅಲ್ಲಿಯವರೆಗೆ ಹಾಡು ಕೇಳುವಾಗ ಎಂತದೋ ಕಲಬೆರಕೆಯ ವಾಸನೆ ಬರುತ್ತಿತ್ತು ಅಂತ ಈಗ ಹೇಳುತ್ತಾರೆ. ಅವರ ಮೊಬೈಲಿನ ರಿಂಗ್‌ಟೋನ್ ಇವತ್ತಿಗೂ ಪಿ.ಬಿ.ಎಸ್. ಹಾಡು.

ಇಷ್ಟರಲ್ಲಿ ಪಕ್ಕದ ಟೇಬಲಿನ ಮಲಯಾಳಿ ಹುಡುಗನೊಬ್ಬ ಮೂಗು ತೂರಿಸಿದ. ಏನಾದರೂ ಹೇಳಿ ಚೇಟ್ಟಾ, 1965ರ ಚಿನ್ನದ ಪದಕ ನಮ್ಮ 'ಚೆಮ್ಮೀನ್'ಗೆ ಬಂದದ್ದಲ್ವಾ, ಇಡೀ ದಕ್ಷಿಣದಲ್ಲೇ ಮೊದಲು ಅಂದ. ಮಾಷ್ಟ್ರು ಕನ್ನಡಕ ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಯಾರಿಗೋ ಗ್ರಹಚಾರ ಅಂತ ಅರ್ಥ. "ಸಂಗೀತ ಯಾರದ್ದು ಮಗಾ? ಸಲಿಲ್ ಚೌಧರಿ. ಬಂಗಾಳಿ. ಆ ಮಾನಸ ಮೈನೆ ಹಾಡಿದ್ದು? ಮನ್ನಾ ಡೇ. ಬಂಗಾಳಿ. ಎಡಿಟಿಂಗ್? ಹೃಷಿಕೇಶ್ ಮುಖರ್ಜಿ. ಬಂಗಾಳಿ. ಕ್ಯಾಮೆರಾ? ಮಾರ್ಕಸ್ ಬಾರ್ಟ್ಲಿ. ಮತ್ತೆ ನಿಮ್ಮದೆಂತ ಉಂಟು ಅದರಲ್ಲಿ? ಮೀನು ಮಾತ್ರ!"

ನಾವು ಮೇಜು ಕುಟ್ಟಿ ನಕ್ಕೆವು. ಹುಡುಗ ಸುಮ್ಮನೆ ಮೊಬೈಲು ತೆಗೆದು ಎರಡು ನಿಮಿಷ ಒತ್ತಿದ. ಆಮೇಲೆ ತಲೆ ಎತ್ತಿ ಕೇಳಿದ. ಕನ್ನಡಕ್ಕೆ ಮೊದಲ ಚಿನ್ನದ ಪದಕ ತಂದ 'ಸಂಸ್ಕಾರ' ನಿಮ್ಮದಲ್ವಾ ಮಾಷೇ? ಡೈರೆಕ್ಟರ್ ಪಟ್ಟಾಭಿರಾಮ ರೆಡ್ಡಿ, ನೆಲ್ಲೂರಿನವರು. ಕ್ಯಾಮೆರಾ ಟಾಮ್ ಕೋವನ್, ಆಸ್ಟ್ರೇಲಿಯದವರು. ಹಾಗಾದರೆ ನಿಮ್ಮ ಪಾಲಿಗೆ ಬಂದದ್ದು ಕತೆಯಲ್ಲಿನ ಆ ಹೆಣ ಮಾತ್ರವಾ?

ಮಾಷ್ಟ್ರು ಆ ದಿನ ಬೇಗ ಮನೆಗೆ ಹೋದರು. ಸಂಜೆ ಮಳೆ ಬರುವ ಹಾಗೆ ಉಂಟು ಅಂದರು. ಮಾರ್ಚ್ ತಿಂಗಳು.

ಇನ್ನು ಬೇಕಲ ಕೋಟೆಯ ವಿಷಯ. ಇದನ್ನು ಬರೆಯಬಾರದು ಅಂತಲೇ ಇದ್ದೆ, ನನ್ನ ಮರ್ಯಾದೆಯ ಪ್ರಶ್ನೆ. 1995ರಲ್ಲಿ ಬಂದ ಮಣಿರತ್ನಂ ಅವರ 'ಬಾಂಬೆ' ಸಿನಿಮಾದ ಆ ಪ್ರೇಮದ ಹಾಡು ಬೇಕಲದಲ್ಲಿ ತೆಗೆದದ್ದು. ಅದರ ಶೂಟಿಂಗ್ ನೋಡದ ಮನುಷ್ಯ ಕಾಸರಗೋಡು ಜಿಲ್ಲೆಯಲ್ಲೇ ಇಲ್ಲ. ಕಂಡಕ್ಟರ್ ನೋಡಿದ್ದಾರೆ. ಭಟ್ರು ನೋಡಿದ್ದಾರೆ. ಅದರ ಮರುವರ್ಷ ಹುಟ್ಟಿದವರೂ ನೋಡಿದ್ದಾರೆ. ನೋಡಿದೆ ಅನ್ನುವವರೆಲ್ಲ ನಿಜಕ್ಕೂ ಅಲ್ಲಿದ್ದಿದ್ದರೆ, ಶಿವಪ್ಪ ನಾಯಕ ಕಟ್ಟಿಸಿದ ಆ ಕಲ್ಲಿನ ಕೋಟೆ ಭಾರಕ್ಕೆ ಸಮುದ್ರ ಸೇರಬೇಕಿತ್ತು.

ನಾನೂ ಹೇಳಿದ್ದೇನೆ. ಕ್ಯಾಮೆರಾಕ್ಕೆ ಅಡ್ಡ ಬಂದ ದನವನ್ನು ಓಡಿಸಿದ್ದು ನಾನೇ ಅಂತ. ಮೊದಲು ಒಂದು ದನ ಇತ್ತು. ವರ್ಷ ಕಳೆದ ಹಾಗೆ ಕರುವೂ ಸೇರಿತು. ಈಗ ಮೂರು ದನ, ಒಂದು ಹೋರಿ. ಶೂಟಿಂಗ್ ನಡೆದಾಗ ನಾನು ಪುತ್ತೂರಿನ ಅಕ್ಕನ ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದೆ. ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ಆಯೋಗದ ಸದಸ್ಯರು ಓದುವುದಿಲ್ಲ, ಮಾತಾಡುತ್ತಾರೆ ಅಷ್ಟೆ.

ಅದಿರಲಿ. ಬೇಕಲದ ಹಕ್ಕು ಯಾರದ್ದು? ಕೋಟೆ ಕಟ್ಟಿಸಿದವರು ಕೆಳದಿಯ ನಾಯಕರು, ಅಂದರೆ ಕನ್ನಡ. ಸಿನಿಮಾ ತಮಿಳು. ಹೆಸರು ಮರಾಠಿಯವರ ಊರಿನದ್ದು. ನಾಯಕಿ ನೇಪಾಳದವಳು. ಈಗ ಜಾಗ ಕೇರಳದ್ದು. ಆದರೆ ಡೈರೆಕ್ಟರು ಮೊದಲ ಸಿನಿಮಾ ಮಾಡಿದ್ದು ಕನ್ನಡದಲ್ಲಿ, 1983ರ 'ಪಲ್ಲವಿ ಅನುಪಲ್ಲವಿ', ಹಾಗಾಗಿ ಹಾಡು ನಮ್ಮದು ಅಂತ ಕಂಡಕ್ಟರ್ ವಾದ ಕಟ್ಟಿದರು. ಬಹುಮತ ಬರುವುದರಲ್ಲಿತ್ತು. ಅಷ್ಟರಲ್ಲಿ ಗುಮಾಸ್ತರು ಮತ್ತೆ ಚಾಯದಲ್ಲಿ ಹೊಳೆ ಎಳೆದರು. ಬೇಕಲ ಇರುವುದು ಚಂದ್ರಗಿರಿಯ ತೆಂಕು ದಿಕ್ಕಿನಲ್ಲಿ. ಮಹಾಜನ ವರದಿ ಜಾರಿಯಾಗಲಿ ಅಂತ ಐವತ್ತು ವರ್ಷದಿಂದ ಕೂಗುವವರು ನಾವೇ. ಜಾರಿಯಾದರೆ ಬೇಕಲ ಕೇರಳಕ್ಕೇ. ವರದಿ ಬೇಕೋ, ಹಾಡು ಬೇಕೋ? ಮತಕ್ಕೆ ಹಾಕಿದೆವು. ಹಾಡು ಮೂರು, ವರದಿ ಎರಡು.

ಇದೆಲ್ಲಕ್ಕಿಂತ ದೊಡ್ಡ ಕೇಸು ಒಂದುಂಟು. ಕನ್ನಡದ ಮೊದಲ ಮಾತಿನ ಸಿನಿಮಾ 'ಸತಿ ಸುಲೋಚನಾ'. 1934ರ ಮಾರ್ಚ್ 3ಕ್ಕೆ ಬೆಂಗಳೂರಿನಲ್ಲಿ ಬಿಡುಗಡೆ. ಆರ್. ನಾಗೇಂದ್ರರಾಯರ ರಾವಣ, ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತು. ತೆಗೆದದ್ದು ಮಾತ್ರ ಕೊಲ್ಲಾಪುರದ ಸ್ಟುಡಿಯೋದಲ್ಲಿ. ಹಾಗೆ ನೋಡಿದರೆ ತಮಿಳಿನ ಮೊದಲ ಮಾತಿನ ಸಿನಿಮಾ ಆದದ್ದು ಬೊಂಬಾಯಿಯಲ್ಲಿ, ಮಲಯಾಳದ್ದು ಸೇಲಂನಲ್ಲಿ. ಯಾರೂ ಅವರವರ ಮನೆಯಲ್ಲಿ ಮಾತು ಕಲಿತಿಲ್ಲ. ಕೊಲ್ಲಾಪುರ ಈಗ ಮಹಾರಾಷ್ಟ್ರದಲ್ಲಿರುವುದರಿಂದ ಈ ಸಿನಿಮಾದ ಒಡೆತನ ಯಾರಿಗೆ ಅಂತ ನಮ್ಮಲ್ಲಿ ಮೂರು ವಾರ ವಿಚಾರಣೆ ನಡೆಯಿತು. ಕೊನೆಗೆ ಸಿನಿಮಾ ಕರ್ನಾಟಕಕ್ಕೆ, ಸ್ಟುಡಿಯೋದ ಗೋಡೆ ಮಹಾರಾಷ್ಟ್ರಕ್ಕೆ ಅಂತ ತೀರ್ಪಾಯಿತು. ಮಾಷ್ಟ್ರು ತೀರ್ಪನ್ನು ಪಂಚಾಂಗದ ಹಿಂದೆ ಬರೆದುಕೊಂಡರು.

ಆಗ ಕಾಕ ಗ್ಲಾಸು ಎತ್ತುತ್ತಾ ಕೇಳಿದರು. "ಅದನ್ನೊಮ್ಮೆ ನೋಡಬಹುದಾ?"

ಇಲ್ಲ. ಅದರ ಒಂದು ಪ್ರಿಂಟೂ ಉಳಿದಿಲ್ಲ. ಆ ಕಾಲದ ರೀಲು ನೈಟ್ರೇಟಿನದ್ದು, ಕಿಡಿ ತಾಗಿದರೆ ಮುಗಿಯಿತು. ಹಳತಾದ ರೀಲು ತೊಳೆದರೆ ಅದರಿಂದ ಬೆಳ್ಳಿ ಬರುತ್ತಿತ್ತು, ಹಾಗೆ ತೊಳೆದು ಮಾರಿದವರೂ ಇದ್ದರು. ಪುಣೆಯಲ್ಲಿ ಸರ್ಕಾರದ ಸಿನಿಮಾ ಭಂಡಾರ ಶುರುವಾದದ್ದೇ 1964ರಲ್ಲಿ. ಅಷ್ಟು ಹೊತ್ತಿಗೆ ಸುಲೋಚನೆಗೆ ಮೂವತ್ತು ವರ್ಷ. ಪಾಲು ಪಂಚಾಯ್ತಿಗೆ ಕೂತವರು ಯಾರೂ ಮಾಡು ರಿಪೇರಿ ಮಾಡಿಸುವುದಿಲ್ಲ, ನಮ್ಮ ಕಡೆಯ ಹಳೇ ತರವಾಡು ಮನೆಗಳನ್ನು ನೋಡಿದವರಿಗೆ ಇದು ಗೊತ್ತು. ಕಾಕನಿಗೆ ನಾವು ಇಷ್ಟೆಲ್ಲ ಹೇಳಲಿಲ್ಲ. ನಿಮಗೆ ಇದೆಲ್ಲ ಅರ್ಥ ಆಗುವುದಿಲ್ಲ, ಎರಡು ಕಡಕ್ ಚಾಯ ತನ್ನಿ ಅಂದೆವು.

ಏಪ್ರಿಲ್ 24, ರಾಜ್‌ಕುಮಾರ್ ಹುಟ್ಟಿದ ದಿನ. ಊರಿನ ಹುಡುಗರು ಸೇರಿ ಪಕ್ಕದ ಹಾಲಿನಲ್ಲಿ 'ಬೇಡರ ಕಣ್ಣಪ್ಪ' ಹಾಕಿದರು. 1954ರ ಸಿನಿಮಾ. ಮುತ್ತುರಾಜ ರಾಜ್‌ಕುಮಾರ್ ಆದದ್ದೇ ಅದರಲ್ಲಿ. ಟಿಕೆಟ್ ಇಲ್ಲ. ಆಯೋಗ ಪೂರ್ತಿ ಹಾಜರು. ನಾಲ್ಕು ಗಂಟೆಗೆ ಹೋದೆವು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕಂಡಕ್ಟರ್ ಸುಮ್ನೆ ಒಂದು ಮಾತು ಬಿಟ್ಟರು. ಇದೇ ಸಿನಿಮಾವನ್ನು ರಾಜ್‌ಕುಮಾರ್ ತೆಲುಗಿನಲ್ಲೂ ಮಾಡಿದ್ದಾರೆ, ಕನ್ನಡ ಬಿಟ್ಟು ಅವರು ಮಾಡಿದ್ದು ಅದೊಂದೇ, ಹಾಗಾದರೆ ಕಣ್ಣಪ್ಪ ನಮ್ಮವನೋ ಕಾಳಹಸ್ತಿಯವನೋ?

ಅಲ್ಲೇ ಶುರುವಾಯಿತು. ಭಟ್ರು ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು, ಇನ್ನೊಂದು ಕಾಲಿನದ್ದು ಬಿಡಲೇ ಇಲ್ಲ. ಒಳಗೆ ಹಾಡು ಮುಗಿಯಿತು, ಮತ್ತೊಂದು ಹಾಡು ಬಂತು. ಗುಮಾಸ್ತರಿಗೆ ನಕಾಶೆ ಬರೆಯಲು ಚಾಯ ಬೇಕಿತ್ತು. ಕಾಕನಿಗೆ ಫೋನು ಮಾಡಿದೆವು. ಅವರು ಫ್ಲಾಸ್ಕು ಹಿಡಿದುಕೊಂಡು ಬಂದವರು ನಮ್ಮನ್ನು ದಾಟಿ ಸೀದಾ ಒಳಗೆ ಹೋದರು. ಹುಡುಗರಿಗೆ ಕೊಟ್ಟು ಬರಬಹುದು ಅಂದುಕೊಂಡೆವು. ಹತ್ತು ನಿಮಿಷ ಆಯಿತು. ಮುಕ್ಕಾಲು ಗಂಟೆ ಆಯಿತು. ಚಾಯವೂ ಇಲ್ಲ, ಕಾಕನೂ ಇಲ್ಲ.

ದೀಪ ಹಾಕಿದ ಮೇಲೆ ಹೊರಗೆ ಬಂದರು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಫ್ಲಾಸ್ಕು ತುಂಬಿದ್ದು ತುಂಬಿದ ಹಾಗೇ ಇತ್ತು.

"ಎಂತ ಕಾಕ, ಇಷ್ಟು ಹೊತ್ತು?"

"ಅವ ಕಣ್ಣು ಕಿತ್ತುಕೊಟ್ಟ ಮಾರಾಯ್ರೆ. ದೇವರಿಗೆ. ಪಾಪ."

ಮಾಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ಮೊದಲು ಕಿತ್ತದ್ದು ಯಾವ ಕಣ್ಣು? ಎಡದ್ದೋ ಬಲದ್ದೋ?"

"ಬಲದ್ದು" ಅಂದರು ಗುಮಾಸ್ತರು. "ಎಡದ್ದು, ನಾನು ಎಂಟು ಸಲ ನೋಡಿದ್ದೇನೆ" ಅಂದರು ಕಂಡಕ್ಟರ್. ಭಟ್ರು ಬಿಟ್ಟ ಚಪ್ಪಲಿಯನ್ನು ಮತ್ತೆ ಹಾಕಿಕೊಂಡರು. ನಾಳೆ ಐದೂವರೆಗೆ ಅಂತ ತೀರ್ಮಾನವಾಯಿತು.